ಅರ್ಧ ಇಳಿದ ಫೋಟೋ

ಪ್ಯಾಂಟಿನ ಕಾಲೊಳಗೆ ಮೊಣಕೈವರೆಗೂ ಕೈ ತೂರಿಸಿ, ಒಳಮೈಯನ್ನು ಹೊರಕ್ಕೆ ತಿರುವಿ, ಹೊಲಿಗೆಯ ಅಂಚಿನಲ್ಲಿ ಬೆಕ್ಕಿನ ಮೀಸೆಯ ಹಾಗೆ ನಿಂತಿದ್ದ ದಾರಗಳನ್ನು ಪುಟ್ಟ ಕತ್ತರಿಯಿಂದ ಕಚಕಚ ಕತ್ತರಿಸುತ್ತಿದ್ದ ಶಾಂತಕುಮಾರಿಗೆ ಫೋನು ಹೊಡೆದುಕೊಂಡದ್ದು ಕೇಳಿಸಿತು. ಎತ್ತಲಿಲ್ಲ. ಕೈಯೆಲ್ಲ ನೀಲಿ. ರಾಯದುರ್ಗದಲ್ಲಿ ಜೀನ್ಸ್ ಕೆಲಸಕ್ಕೆ ಕೂತ ಹೆಂಗಸರ ಬೆರಳು ಸೋಪಿಗೂ ಸೀಗೇಕಾಯಿಗೂ ಬಗ್ಗುವುದಿಲ್ಲ. ಅನ್ನ ಕಲಸುವಾಗಲೂ ಉಗುರಿನ ಸಂದಿಯಲ್ಲಿ ನೀಲಿ ಇದ್ದೇ ಇರುತ್ತದೆ.

"ಶಾಂತಕ್ಕ, ಫೋನು ಒದರಾಕ ಹತ್ತೈತ್ರಿ," ಅಂದಳು ಎದುರಿಗೆ ಕೂತು ಪ್ಯಾಂಟಿನ ಇನ್ನೊಂದು ಗಂಟು ಬಿಚ್ಚುತ್ತಿದ್ದ ಪಕ್ಕದ ಮನೆಯ ಉಷಾರಾಣಿ.

"ಒದರ್ಲಿ ಬಿಡು. ಅನಂತಪುರದ ಮೇಷ್ಟ್ರು."

"ಹೆಣ್ಣು ನೋಡಿ ಹೋದ ಗಂಡಿನ ಕಡೇರಂಗ ದಿನಾ ಮಾಡ್ತಾರಲ್ರಿ! ಹೂಂ ಅನ್ರಿ, ಇಲ್ಲಾ ಉಹೂಂ ಅನ್ರಿ. ಪಾಪ, ಅವರೂ ಬ್ಯಾರೆ ಸಂಬಂಧ ನೋಡಬೇಕಲ್ಲ."

ಶಾಂತಕುಮಾರಿ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಉಷಾರಾಣಿಯೂ ತಲೆ ತಗ್ಗಿಸಿ ಗಂಟು ಬಿಚ್ಚತೊಡಗಿದಳು. ಆ ಮೇಷ್ಟ್ರು ಕೇಳುತ್ತಿರುವ ಫೋಟೋ ಎಂಥದ್ದು ಅಂತ ಊರಲ್ಲಿ ಗೊತ್ತಿದ್ದದ್ದು ಅವರಿಬ್ಬರಿಗೇ.

ಮೇಷ್ಟ್ರ ಹೆಸರು ಚಂದ್ರಮೋಹನ್. ಅನಂತಪುರದ ಒಂದು ಕಾಲೇಜಿನಲ್ಲಿ ಡ್ರಾಯಿಂಗ್ ಹೇಳಿಕೊಡುವವರು. ಫೋನಿನಲ್ಲೇ ತೆಗೆದು, ಬೇಕೆಂದೇ ಕೆಡಿಸಿದ ಫೋಟೋಗಳನ್ನು ಕಲೆಹಾಕಿ ಒಂದು ಪ್ರದರ್ಶನ ಮಾಡಲು ಹೊರಟಿದ್ದರು. ಶಾಂತಕುಮಾರಿ ಇನ್‌ಸ್ಟಾಗ್ರಾಮಿಗೆ ಹಾಕಿದ್ದರಲ್ಲಿ ಒಂದು ಅವರಿಗೆ ಹಿಡಿಸಿತ್ತು. ಬಾಗಿಲಿನಷ್ಟು ಎತ್ತರಕ್ಕೆ ಅಚ್ಚು ಹಾಕಿಸಿ, ಒಳಗೆ ಬರುವವರಿಗೆ ಮೊದಲು ಅದೇ ಕಾಣುವ ಹಾಗೆ ನಿಲ್ಲಿಸುತ್ತಾರಂತೆ. ಅದರಲ್ಲಿರುವ ಮುದುಕಿ ಯಾರು, ಅವರ ಮನೆಯವರ ಒಪ್ಪಿಗೆ ಇದೆಯೇ ಅಂತ ಒಂದು ಕಾಗದ ಬೇಕು. ಶುಕ್ರವಾರದೊಳಗೆ.

ಆ ಮುದುಕಿ ಶಾಂತಕುಮಾರಿಯ ಅವ್ವ, ನಾಗಕ್ಕ. ತೀರಿಕೊಂಡು ಹನ್ನೊಂದು ತಿಂಗಳು. ಮನೆಯವರು ಅಂತ ಉಳಿದಿದ್ದವಳು ಶಾಂತಕುಮಾರಿಯ ತಂಗಿ ಮೂಕಮ್ಮ ಒಬ್ಬಳೇ. ಮಡಕಶಿರಾದ ಕಡೆ, ರತ್ನಗಿರಿ ಬೆಟ್ಟದ ಪಕ್ಕದ ಹಟ್ಟಿಯಲ್ಲಿ ಕುರಿ ನೋಡಿಕೊಂಡಿದ್ದಾಳೆ. ಆ ಫೋಟೋ ಹುಟ್ಟಿದ್ದು ಹೇಗೆ ಅಂತ ಹೇಳಿದರೆ ಇರುವ ಒಬ್ಬ ತಂಗಿಯೂ ಮುಖ ತಿರುಗಿಸಿಬಿಡುತ್ತಾಳೆ ಅನ್ನುವ ಭಯ. ಆ ಭಯದಲ್ಲೇ ಹನ್ನೊಂದು ತಿಂಗಳು ಸುಮ್ಮನೆ ಕಳೆದಿತ್ತು.

ಈ ಕೆಡಿಸುವ ಹುಚ್ಚು ಹೇಗೆ ಹಿಡಿಯಿತು ಅಂತ ಹೇಳಬೇಕು. ಶಾಂತಕುಮಾರಿ ಮದುವೆಯಾಗಿ ರಾಯದುರ್ಗಕ್ಕೆ ಬಂದವಳು. ಗಂಡ ಈಶ್ವರ್ ಕುರಿ ಬಿಟ್ಟು ಹೊಲಿಗೆ ಮಿಷನ್ನು ಹಿಡಿದವನು, ಹೆಂಡತಿಗೂ ಕಲಿಸಿದ. ಅವನು ಹೋಗಿ ಆರು ವರ್ಷವಾಗಿತ್ತು. ಮಕ್ಕಳಿಲ್ಲ. ಹಗಲು ಯೂನಿಟ್ಟಿನಲ್ಲಿ ಹೊಲಿಗೆ, ಬಿಡುವಿದ್ದಾಗ ಮನೆಯ ಜಗಲಿಯಲ್ಲಿ ದಾರ ಕತ್ತರಿಸುವುದು. ಒಂದು ದಿನ ಅವಳ ಫೋನು ಜೀನ್ಸ್ ಒಗೆಯುವ ತೊಟ್ಟಿಗೆ ಬಿತ್ತು. ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟು ಮೂರನೇ ದಿನ ತೆಗೆದರೆ ಫೋನು ಬದುಕಿತ್ತು. ಕ್ಯಾಮೆರಾಕ್ಕೆ ಮಾತ್ರ ತಲೆ ಕೆಟ್ಟಿತ್ತು. ಯಾರ ಫೋಟೋ ಹಿಡಿದರೂ ಮುಖದ ಮೇಲೆ ಅಡ್ಡಕ್ಕೊಂದು ಹಸಿರು ಪಟ್ಟಿ, ಕಿವಿ ಇದ್ದ ಕಡೆ ನೇರಳೆ ಚೌಕ. ಉದ್ದ ಫೋಟೋ ತೆಗೆಯಲು ಫೋನನ್ನು ಎಡದಿಂದ ಬಲಕ್ಕೆ ಸರಿಸುತ್ತಾ ಹೋದರೆ, ನಡುವೆ ಅಲುಗಿದವರೆಲ್ಲ ತುಂಡುತುಂಡಾಗಿ ಬರುತ್ತಿದ್ದರು. ಮಿಷನ್ನಿನ ಮುಂದೆ ಕೂತವರ ಸಾಲನ್ನು ಹಾಗೆ ಹಿಡಿದಾಗ ಉಷಾರಾಣಿಗೆ ಎರಡು ತಲೆ ಬಂದವು, ಕೈ ಒಂದೂ ಇಲ್ಲ.

"ನನ್ನ ಕೈ ಎಲ್ಲಿಟ್ರಿ ಶಾಂತಕ್ಕ? ನಾಳೆ ಸೊಂಟದ ಪಟ್ಟಿ ಹೊಲ್ಯಾಕ ಬೇಕ್ರಿ ಅವು."

"ಎಲ್ಡು ತಲೆ ಕೊಟ್ಟಿಲ್ವಾ, ಸುಮ್ಕಿರು."

"ಅದ ಚಲೋ ಆತು ಬಿಡ್ರಿ. ಒಂದು ತಲಿ ಮನ್ಯಾಗ ನಮ್ಮತ್ತಿ ಮುಂದ ಇಟ್ಟು ಬರ್ತೀನಿ, ಬೈಸ್ಕೊಳ್ಳಾಕ."

ಸಾಲಿಗೆ ಸಾಲೇ ನಕ್ಕಿತು. ಶಾಂತಕುಮಾರಿ ಮಾತ್ರ ಆ ಫೋಟೋವನ್ನು ಮನೆಗೆ ಹೋದ ಮೇಲೂ ನೋಡುತ್ತಾ ಕೂತಳು. ಅದರಲ್ಲಿ ಒಂದು ನಿಜ ಇತ್ತು. ಅಲ್ಲಿ ಕೂತವರಲ್ಲಿ ಒಬ್ಬಳ ಗಂಡ ಓಬಳಾಪುರದ ಕಡೆ ಲಾರಿಯಲ್ಲಿ, ಒಬ್ಬಳ ಮಗಳು ಹಾಸ್ಟೆಲಿನಲ್ಲಿ, ಒಬ್ಬಳ ಅಪ್ಪ ಬೆಳುಗುಪ್ಪದ ಹೊಲದಲ್ಲಿ. ಕಿವಿಗೆ ವೈರು ಸಿಕ್ಕಿಸಿಕೊಂಡು, ಕೈ ಇಲ್ಲಿ ಬಿಟ್ಟು, ಎಲ್ಲರೂ ಫೋನಿನೊಳಗೆ ಇನ್ನೆಲ್ಲೋ ಇರುತ್ತಿದ್ದರು. ನೆಟ್ಟಗಿರುವ ಫೋಟೋ ಅದನ್ನು ತೋರಿಸುವುದಿಲ್ಲ, ಕೆಟ್ಟ ಫೋಟೋ ತೋರಿಸುತ್ತದೆ ಅಂತ ಅವಳಿಗೆ ಅನ್ನಿಸಿತು.

ಆಮೇಲೆ ಅವಳು ಬೇಕೆಂದೇ ಕೆಡಿಸತೊಡಗಿದಳು. ಫೋಟೋವನ್ನು ಅಕ್ಷರ, ಅಂಕಿಗಳ ಸಾಲಾಗಿ ಬಿಚ್ಚಿ ತೋರಿಸುವ ಆ್ಯಪೊಂದು ಸಿಕ್ಕಿತು. ನಡುವಿನ ಹತ್ತು ಅಕ್ಷರ ಕಿತ್ತರೆ ಹೆಗಲು ಪಕ್ಕಕ್ಕೆ ಜಾರುತ್ತದೆ. ಇನ್ನೊಂದು ಫೋಟೋದ ಸಾಲು ತಂದು ತೂರಿಸಿದರೆ ಗೋಡೆಯೊಳಗಿಂದ ಕುರಿ ಇಣುಕುತ್ತದೆ. ಹೊಲಿದದ್ದನ್ನು ಬಿಚ್ಚಿ ಮತ್ತೆ ಹೊಲಿಯುವ ಕೆಲಸವೇ ಅಲ್ಲವೇ, ಅವಳ ಕೈಗೆ ಅದು ಬೇಗ ಹತ್ತಿತು. ಮಧ್ಯೆ ಯಾರಾದರೂ ಕರೆ ಮಾಡಿದರೆ ಮಾತ್ರ ಹಳೇ ಫೋನು ನಿಂತು, ಮಾಡಿದ್ದೆಲ್ಲ ಹಾಳು. ಹಾಗಾಗಿ ಕೆಲಸಕ್ಕೆ ಕೂತಾಗ ವಿಮಾನದ ಗುರುತು ಒತ್ತಿಬಿಡುತ್ತಿದ್ದಳು. ಅದನ್ನು ಒತ್ತಿದರೆ ಯಾರ ದನಿಯೂ ಒಳಗೆ ಬರದು.

ಬೆಟ್ಟದ ಮಗ್ಗುಲಲ್ಲಿ ಸಿಗ್ನಲ್ಲು ಕಮ್ಮಿ. ವಿಡಿಯೋ ಕಾಲಿನಲ್ಲಿ ಅವ್ವನ ಮುಖ ಚೌಕಚೌಕವಾಗಿ ಒಡೆದು ನಿಲ್ಲುತ್ತಿತ್ತು. ಶಾಂತಕುಮಾರಿ ಅದನ್ನೂ ಹಿಡಿದಿಟ್ಟುಕೊಳ್ಳುತ್ತಿದ್ದಳು.

"ಅದ್ಯಾಕಮ್ಮಿ, ಮಾತಾಡೋದು ಬಿಟ್ಟು ಟಿಕ್ ಟಿಕ್ ಅನ್ನಿಸ್ತೀಯ? ನಾನೇನು ಎದ್ದು ಓಡೋಯ್ತೀನಾ?" ಅನ್ನುತ್ತಿದ್ದಳು ಅವ್ವ.

ಇನ್ನು ಕಾಗೆಯ ವಿಷಯ. ಅವಳ ತವರಿನ ಕಡೆ, ಕಾಗೆ ಯಾರ ತಲೆಗಾದರೂ ಬಡಿದರೆ ಅದು ಗಂಡಾಂತರ. ಕಳೆಯಲು ಇರುವುದು ಒಂದೇ ದಾರಿ: ಅವರು ಸತ್ತರು ಅಂತ ದೂರದಲ್ಲಿರುವ ರಕ್ತಸಂಬಂಧಿಗೆ ಸುಳ್ಳು ಸುದ್ದಿ ಮುಟ್ಟಿಸಬೇಕು. ಕೇಳಿದವರು ನಿಜವಾಗಿ ಅಳಬೇಕು. ಆ ಅಳು ಕೇಳಿಸಿಕೊಂಡು ಸಾವು, ತನ್ನ ಕೆಲಸ ಮುಗಿಯಿತು ಅಂದುಕೊಂಡು ವಾಪಸು ಹೋಗುತ್ತದೆ. ಹಿಂದೆ ಆಳು ಕಳಿಸುತ್ತಿದ್ದರು, ಆಮೇಲೆ ಕಾರ್ಡು ಬರೆದರು, ಈಗ ವಾಟ್ಸಾಪು.

ಮೊದಲ ಸಲ ಕಾಗೆ ಅವ್ವನಿಗೆ ಬಡಿದದ್ದು ಮೂರು ವರ್ಷದ ಹಿಂದೆ. "ಅವ್ವ ಹೋದ್ಲು, ಬಾ" ಅಂತ ಮೆಸೇಜು ಬಂದಾಗ ಶಾಂತಕುಮಾರಿ ಮಿಷನ್ನಿನ ಮೇಲೇ ತಲೆ ಚಚ್ಚಿಕೊಂಡಳು. ಕಲ್ಯಾಣದುರ್ಗದವರೆಗೆ ಅತ್ತಳು, ಪಾವಗಡದವರೆಗೆ ಅತ್ತಳು. ಪಾವಗಡದ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ತಂಗಿಯ ಕರೆ.

"ಅಕ್ಕಯ್ಯ, ಚೆನ್ನಾಗಿ ಅತ್ಯಾ?"

"ಏನಮ್ಮಿ ಹಂಗಂದ್ರೆ?"

"ಕಾಗೆ ಬಡಿದಿತ್ತು ಕಣಕ್ಕಯ್ಯ. ಅವ್ವನಿಗೇನೂ ಆಗಿಲ್ಲ, ಇಲ್ಲೇ ಮುದ್ದೆ ತಿರುವ್ತಾವ್ಳೆ. ಬಂದೇ ಬಂದೀಯ, ಉಂಡ್ಕೊಂಡು ಹೋಗು."

ಸಿಟ್ಟಿನಲ್ಲಿ ಕುದಿಯುತ್ತಾ ಮನೆಗೆ ಹೋದರೆ ಅವ್ವ ಇದ್ದೊಂದು ಹಲ್ಲು ಬಿಟ್ಟು ನಕ್ಕಳು. "ಬಸ್ಸಿನಾಗೆ ಅತ್ಯಂತೆ. ಎಲ್ಲಿ, ನನ್ನೆದ್ರಿಗೆ ಒಂದೀಟು ಅಳು, ನೋಡಾನ. ಸತ್ತ ಮ್ಯಾಲೆ ನನ್ಗೆಲ್ಲಿ ಕಾಣ್ಸುತ್ತೆ?"

ಎರಡನೇ ಸಲ ಬಡಿದದ್ದು ಹೋದ ವರ್ಷ, ಒಂದು ಭಾನುವಾರ. ಅಂದೇ ಮೂಕಮ್ಮ ಫೋನು ಮಾಡಿದಳು.

"ಅಕ್ಕಯ್ಯ, ರೊಪ್ಪದತ್ರ ಕುರಿ ಬಿಡೋವಾಗ ಮತ್ತೆ ಬಡೀತು. ಬೊಮ್ಮಪ್ಪ ದೊಡ್ಡಪ್ಪ ಸುದ್ದಿ ಕಳ್ಸು ಅಂತ ಕುಂತವ್ನೆ. ಹೋದ ಸಲ ನಿನ್ನ ಎದೆ ಒಡ್ದೋಗ್ತಿತ್ತು, ಅದ್ಕೇ ಈ ಸಲ ಗುಟ್ಟಾಗಿ ಮೊದ್ಲೇ ಹೇಳ್ತಾ ಇದೀನಿ. ಆದ್ರೂ ಬಂದಾಗ ಒಂದೆಲ್ಡು ಹನಿ ಹಾಕ್ಬಿಡು."

"ಹೇಳಿದ ಮ್ಯಾಲೆ ಅಳು ಯಂಗಮ್ಮಿ ಬತ್ತದೆ?"

"ಈರುಳ್ಳಿ ಹೆಚ್ಕೊ."

ಅಕ್ಕತಂಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮಂಗಳವಾರ ಕರೆಂಟು ತೆಗೆಯುವ ದಿನ, ಯೂನಿಟ್ಟಿಗೆ ರಜ. ಬೆಳಿಗ್ಗೆ ಎಂಟಕ್ಕೆ ಮೆಸೇಜು ಬಂತು. "ಅವ್ವ ಹೋದ್ಲು ಅಕ್ಕಯ್ಯ. ಬೇಗ ಬಾ." ಜೊತೆಗೊಂದು ಫೋಟೋ. ಶಾಂತಕುಮಾರಿಯ ಫೋನು ಕೆಟ್ಟ ಫೋಟೋಗಳಿಂದ ತುಂಬಿ ತೆವಳುತ್ತಿತ್ತು; ಈ ಫೋಟೋ ಅರ್ಧಕ್ಕೇ ಇಳಿದು ನಿಂತಿತು. ಮೇಲೆ ತಗಡಿನ ಸೂರು, ಸುಣ್ಣದ ಗೋಡೆ, ತಲೆಯ ಮೇಲೆ ಹೊದ್ದ ಸೆರಗು, ಹಣೆ ತುಂಬ ಬಳಿದ ಭಂಡಾರ. ಹುಬ್ಬಿನ ಕೆಳಗೆ ಏನೂ ಇಲ್ಲ. ಬೂದಿ ಬಣ್ಣ.

ಈ ಸಲ ಭಂಡಾರ ಹಚ್ಚಿ ಕೂರಿಸಿ ನಾಟಕ ಜೋರಾಗಿಯೇ ಕಟ್ಟಿದ್ದಾರಲ್ಲ ಅಂತ ಅವಳಿಗೆ ನಗು ಬಂತು. ಅಳಬೇಕಲ್ಲ ಅಂತ ನೆನಪಾಗಿ, ಫೋನಿನಲ್ಲಿರುವ ಅಳುವ ಮುಖವನ್ನು ಒತ್ತಿದಳು. ಒಂದಲ್ಲ, ಹತ್ತು. ಕಣ್ಣಿಗೆ ಬಾರದ ನೀರು ಬೆರಳಿನಿಂದ ಹೋಯಿತು. ಕಳಿಸಿ, ವಿಮಾನದ ಗುರುತು ಒತ್ತಿ, ಕೆಲಸಕ್ಕೆ ಕೂತಳು.

ಆ ಅರ್ಧ ಫೋಟೋ ಅಷ್ಟು ಚೆನ್ನಾಗಿತ್ತು. ಹಳದಿ ಹಣೆ, ಕೆಳಗೆ ಬೂದಿ. ಇನ್ನೊಮ್ಮೆ ಒತ್ತಿದ್ದರೆ ಉಳಿದರ್ಧವೂ ಇಳಿಯುತ್ತಿತ್ತೇನೋ. ಅವಳು ಒತ್ತಲಿಲ್ಲ. ದಸರಾದಲ್ಲಿ ಹಿಡಿದಿಟ್ಟಿದ್ದ ವಿಡಿಯೋ ಕಾಲಿನ ಚಿತ್ರದಿಂದ ಅವ್ವ ನಗುವ ಬಾಯಿಯ ಸಾಲುಗಳನ್ನು ಕಿತ್ತು ತಂದು ಆ ಬೂದಿಯೊಳಗೆ ಸೇರಿಸಿದಳು. ಮೊದಲ ಸಲ ಬಾಯಿ ಗದ್ದದಿಂದ ಕೆಳಗೆ ಬಿತ್ತು. ಎರಡನೇ ಸಲ ಸೂರಿನ ಮೇಲೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ತನ್ನ ಜಾಗಕ್ಕೆ ಬಂದು ಕೂತಿತು.

ಉಷಾರಾಣಿ ಮಜ್ಜಿಗೆ ಹಿಡಿದುಕೊಂಡು ಬಂದಳು.

"ನೋಡು ಉಷಾ, ನಮ್ಮವ್ವ ಸತ್ತೋಗವ್ಳಂತೆ."

ಅವಳು ಲೋಟವನ್ನು ನೆಲಕ್ಕಿಟ್ಟುಬಿಟ್ಟಳು. ಕಾಗೆಯ ಕತೆ ಪೂರ್ತಿ ಕೇಳಿದ ಮೇಲೆ ಗೋಡೆಗೆ ಒರಗಿ ನಕ್ಕಳು. "ಯವ್ವಾ, ಎಷ್ಟು ಚಂದ ನಗ್ತೈತ್ರಿ ಹೆಣ! ಆ ಕಾಗಿ ಬಿಡುವಿದ್ರ ನಮ್ಮ ಮನಿಗೂ ಕಳಸ್ರಿ, ನಮ್ಮತ್ತಿ ಜಗಲಿ ಮ್ಯಾಲ ಕುಂತಿರ್ತಾಳ."

ಐದು ಗಂಟೆಗೆ ಫೋಟೋ ಮುಗಿಯಿತು. ವಿಮಾನದ ಗುರುತು ತೆಗೆದು, ಇನ್‌ಸ್ಟಾಗ್ರಾಮಿಗೆ ಹಾಕಿದಳು. ಮೊದಲು ಬಂದದ್ದು ಎರಡು ಮೂರು ಕೆಂಪು ಹೃದಯಗಳು. ಅವುಗಳ ಬೆನ್ನಿಗೇ ಮೂಕಮ್ಮನ ಹದಿನೇಳು ಕರೆ ಬಂದು ಹೋದ ಸುದ್ದಿ. ಆಮೇಲೆ ಮೆಸೇಜುಗಳು, ಒಂದರ ಮೇಲೊಂದು.

"ಬಸ್ಸು ಸಿಗ್ತಾ?"

"ಕಲ್ಯಾಣದುರ್ಗ ದಾಟಿದ್ಯಾ?"

"ನೀನು ಬರ್ಲಿ ಅಂತ ಇನ್ನೂ ಎತ್ತಿಲ್ಲ."

"ಹೊತ್ತು ಇಳೀತು ಅಕ್ಕಯ್ಯ. ದೊಡ್ಡಪ್ಪ ಇನ್ನ ಆಗಲ್ಲ ಅಂತಾವ್ನೆ."

"ಮಣ್ಣು ಮಾಡಿ ಬಂದ್ವಿ."

ಶಾಂತಕುಮಾರಿ ಆ ಅರ್ಧ ಫೋಟೋವನ್ನು ಒತ್ತಿದಳು. ಈಗ ಅದು ಪೂರ್ತಿ ಇಳಿಯಿತು. ಮುಚ್ಚಿದ ಕಣ್ಣು. ಮೂಗಿಗೆ ಹತ್ತಿ. ಕತ್ತಿಗೆ ಸೇವಂತಿಗೆ ಹಾರ. ಬೆಳಿಗ್ಗೆ ಕುರಿ ಬಿಡಲು ಹೋದವಳು ರೊಪ್ಪದ ಬಾಗಿಲಲ್ಲೇ ಕುಸಿದಿದ್ದಳಂತೆ. ಸುಳ್ಳು ಸುದ್ದಿ ಕಳಿಸಲು ದೊಡ್ಡಪ್ಪ ಗೊತ್ತು ಮಾಡಿದ್ದು ಮಾರನೇ ದಿನ, ಬುಧವಾರವಂತೆ.

ತಂಗಿಗೆ ಕರೆ ಮಾಡಿದಳು. ಏನು ಹೇಳಬೇಕು ಅಂತ ಬಾಯಿ ತೆರೆಯುವ ಮೊದಲೇ ಮೂಕಮ್ಮ ಆ ಕಡೆಯಿಂದ ಗದ್ಗದವಾಗಿ ಕೇಳಿದಳು: "ಬಸ್ಸು ಕೆಟ್ಟೋಯ್ತಾ ಅಕ್ಕಯ್ಯ?"

"ಹೂಂ," ಅಂದಳು ಶಾಂತಕುಮಾರಿ.

"ಫೋನಿನಾಗೆ ಚಾರ್ಜೂ ಮುಗೀತಾ?"

"ಹೂಂ."

ಆಡಿದ್ದು ಆ ಎರಡೇ ಹೂಂ. ಮಾರನೇ ದಿನ ಹಟ್ಟಿಗೆ ಹೋಗುವ ಹೊತ್ತಿಗೆ ಅವು ಒಂದು ದೊಡ್ಡ ಕತೆಯಾಗಿ ಬೆಳೆದಿದ್ದವು. ಮೂಕಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು: ಬಸ್ಸು ಬಯಲಲ್ಲಿ ನಿಂತುಬಿಟ್ಟಿತಂತೆ, ಅಕ್ಕಯ್ಯ ಇಳಿದು ಬಿಸಿಲಲ್ಲಿ ನಡೆದಳಂತೆ, ಅಳುತ್ತಳುತ್ತಾ ದಾರಿಯಲ್ಲೇ ಹೊತ್ತು ಮುಳುಗಿತಂತೆ. ಅಷ್ಟು ದೂರ ನಡೆದ ಕಾಲು ಅಂತ ಬಿಸಿನೀರು ಕಾಸಿ ತಂದು, ಅಕ್ಕನನ್ನು ಒರಳಿನ ಮೇಲೆ ಕೂರಿಸಿ, ತಾನೇ ಉಜ್ಜಿ ಉಜ್ಜಿ ತೊಳೆದಳು. ಶಾಂತಕುಮಾರಿ ಕಾಲು ಎಳೆದುಕೊಳ್ಳಲಿಲ್ಲ. ಮೂರನೇ ದಿನ ಹಾಲುತುಪ್ಪ ಬಿಡುವಾಗ ಅವಳು ಮಣ್ಣಿನ ಮೇಲೆ ಬಿದ್ದು ಅತ್ತದ್ದು ನೋಡಿ, ಕೊನೆ ಮುಖ ಸಿಗಲಿಲ್ಲ ಪಾಪ ಅಂತ ಊರೇ ಮರುಗಿತು.

ಅಲ್ಲಿಂದ ಬಂದವಳು ಮೊದಲು ಆ ಫೋಟೋವನ್ನು ಅಳಿಸಬೇಕು ಅಂತಲೇ ಫೋನು ತೆಗೆದಳು. ಅಷ್ಟರಲ್ಲಿ ಅದನ್ನು ಸಾವಿರಾರು ಜನ ನೋಡಿದ್ದರು. ಯಾರು ಯಾರೋ, ಎಲ್ಲೆಲ್ಲಿಯವರೋ, ನನ್ನ ಅಜ್ಜಿ ನೆನಪಾದಳು ಅಂತ ಬರೆದಿದ್ದರು. ಬೆರಳು ಅಳಿಸುವ ಗುರುತಿನ ಮೇಲೆ ಹೋಗಿ ನಿಂತಿತು. ಮೇಲೆ ಸತ್ತ ಅವ್ವನ ಹಣೆ, ಕೆಳಗೆ ಬದುಕಿದ್ದ ಅವ್ವನ ಬಾಯಿ. ತನ್ನ ಕೈಯಿಂದ ಅದಕ್ಕಿಂತ ಒಳ್ಳೆಯ ಫೋಟೋ ಇನ್ನು ಬರುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಅಳಿಸಲಿಲ್ಲ. ಆ ನಾಚಿಕೆಯನ್ನು ಯಾರಿಗೂ ಹೇಳಿಕೊಳ್ಳುವ ಹಾಗಿರಲಿಲ್ಲ.

ತಂಗಿಗೆ ಹೇಳಬೇಕು ಅಂತ ಎಷ್ಟೋ ಸಲ ಹೊರಟಿದ್ದುಂಟು. ವಾಟ್ಸಾಪಿನಲ್ಲಿ ಬರೆದು ಬರೆದು ಅಳಿಸಿದ್ದಳು. ಅಲ್ಲಿ ಆಡಿದ ಮಾತನ್ನು ಯಾವಾಗ ಬೇಕಾದರೂ ವಾಪಸು ಎಳೆದುಕೊಳ್ಳಬಹುದು, ಆ ಸಲೀಸೇ ಅವಳಿಗೆ ಶತ್ರುವಾಗಿತ್ತು. ಕಾಗದ ಬರೆಯೋಣ ಅಂತ ಯೂನಿಟ್ಟಿನ ಸೈಜು ಚೀಟಿಗಳ ಹಿಂದೆ ಮೂರು ಸಲ ಶುರು ಮಾಡಿದ್ದಳು. "ಮೂಕಿಗೆ ನಿನ್ನ ಅಕ್ಕಯ್ಯ ಮಾಡುವ ಆಶೀರ್ವಾದಗಳು. ಅವ್ವ ಹೋದ ದಿನ ನಾನು" ಅನ್ನುವವರೆಗೆ ಮೂರೂ ಬಂದಿದ್ದವು. ಅಲ್ಲಿಂದ ಮುಂದೆ ಪೆನ್ನು ಹೋಗಿರಲಿಲ್ಲ.

ಈಗ ಈ ಮೇಷ್ಟ್ರು. ಉಷಾರಾಣಿ ಬಿಚ್ಚಿದ ಗಂಟನ್ನು ಪಕ್ಕಕ್ಕೆ ಸರಿಸಿ, ದನಿ ತಗ್ಗಿಸಿ ಹೇಳಿದಳು: "ನೀವ ಮಗಳಲ್ರಿ ಶಾಂತಕ್ಕ? ನೀವ ಸೈ ಮಾಡಿದ್ರ ಸಾಕು. ಕುರಿ ಕಾಯೋಕಿ ಅನಂತಪುರಕ್ಕ ಬಂದು ನೋಡ್ತಾಳೇನ್ರಿ? ಬಾಗಲದಷ್ಟು ಎತ್ತರ ಅಂದ್ರ ಏನು ಸಣ್ಣ ಮಾತಾ? ಈ ನೀಲಿ ಕೈಗೆ ಯಾವನಾರ ಇಷ್ಟು ದಿನ ಶಭಾಶ್ ಅಂದಾನೇನ್ರಿ?"

ಅದೂ ನಿಜವೇ. ಶಾಂತಕುಮಾರಿಗೆ ಆಸೆ ಇತ್ತು. ಮೇಷ್ಟ್ರು ಮೊದಲ ಸಲ "ಮೇಡಂ" ಅಂದಾಗ ಹಿಂದೆ ಯಾರಾದರೂ ನಿಂತಿದ್ದಾರೇನೋ ಅಂತ ತಿರುಗಿ ನೋಡಿದ್ದಳು. ಸೈ ಮಾಡಿಬಿಡುವುದು ಅಂತ ಆ ಗಳಿಗೆಯಲ್ಲಿ ಮನಸ್ಸು ಮುಕ್ಕಾಲು ವಾಲಿತ್ತು.

ಮತ್ತೆ ಫೋನು ಹೊಡೆದುಕೊಂಡಿತು. ಈ ಸಲ ಮೂಕಮ್ಮ. ಕೈ ಒರೆಸಿಕೊಂಡು ಎತ್ತಿದಳು.

"ಅಕ್ಕಯ್ಯ, ಊಟ ಆಯ್ತಾ? ಇಲ್ಲಿ ಪಕ್ಕದ್ಮನೆ ಬೊಮ್ಮಕ್ಕ ಬಂದು ಕುಂತವ್ಳೆ, ಅದ್ಕೇ ಮಾಡ್ದೆ. ದೊಡ್ಡ ಮಗಳು ಹೆಣಕ್ಕೂ ಬರ್ಲಿಲ್ಲ ಅಂತ ಯಾರೋ ರೊಳ್ಳದ ಸಂತೇಲಿ ಆಡ್ಕೊಂಡ್ರಂತೆ. ನಾನು ಬಿಡ್ತೀನಾ? ಫೋನು ತೆಗೆದು ತೋರಿಸ್ದೆ ಬೊಮ್ಮಕ್ಕನಿಗೆ. ನೋಡ್ರಮ್ಮ, ನಮ್ಮಕ್ಕಯ್ಯ ಯಂಗೆ ಅಳ್ತಾ ಹೊರಟವ್ಳೆ ಅಂತ."

"ಏನು ತೋರಿಸ್ದೆ?"

"ಅದೇ, ಅವತ್ತು ಬೆಳಿಗ್ಗೆ ಕಳ್ಸಿದ್ಯಲ್ಲ, ಹತ್ತು ಅಳೋ ಮುಖ. ನಾನು ಅಳ್ಸಿಲ್ಲ ಅದನ್ನ. ಅವತ್ತು ಅವ್ವನಿಗೂ ತೋರಿಸಿದ್ನಲ್ಲ. ನಿನಗೆ ಹೇಳೇ ಇಲ್ಲ ನಾನು. ಮುಖದತ್ರ ಫೋನು ಹಿಡ್ದು, 'ನೋಡವ್ವ, ಅಕ್ಕಯ್ಯ ಅಳ್ತಾವ್ಳೆ, ಬತ್ತಾವ್ಳೆ, ಒಂದೀಟು ತಡ್ಕೊ' ಅಂದೆ. ನಾಲ್ಕು ಗಂಟೆವರ್ಗೂ ಹಿಂಗೇ ಹಿಡ್ಕೊಂಡು ಕುಂತಿದ್ದೆ."

ಶಾಂತಕುಮಾರಿ ಖಾಲಿ ಕೈಯನ್ನು ಮತ್ತೆ ಪ್ಯಾಂಟಿನ ಕಾಲೊಳಗೆ ತೂರಿಸಿದಳು.

"ಅಕ್ಕಯ್ಯ? ಸಿಗ್ನಲ್ ಹೋಯ್ತಾ?"

"ಇಲ್ಲ. ಇದೀನಿ ಮೂಕಿ."

"ಮತ್ತೆ ಅಳ್ತಾ ಇದೀಯ? ಬಿಡಕ್ಕಯ್ಯ. ಬಸ್ಸು ಕೆಟ್ರೆ ನೀನೇನ್ ಮಾಡ್ತೀಯ?"

ಫೋನಿಟ್ಟ ಮೇಲೆ ಅವಳು ಬಹಳ ಹೊತ್ತು ಪ್ಯಾಂಟಿನ ಕಾಲೊಳಗೆ ಕೈ ಇಟ್ಟುಕೊಂಡೇ ಕೂತಿದ್ದಳು. ಕಡೆಗೆ ಅದನ್ನು ಪಕ್ಕಕ್ಕಿಟ್ಟು, ಅನಂತಪುರಕ್ಕೆ ಕರೆ ಮಾಡಿದಳು.

"ಸಾರ್, ಅದು ನಮ್ಮವ್ವನ ಫೋಟೋ. ನಮ್ಮ ತಂಗಿ ಇನ್ನೂ ನೋಡಿಲ್ಲ. ಅವಳು ನೋಡಬೇಕು ಮೊದ್ಲು."

"ಈಗಲೇ ವಾಟ್ಸಾಪ್ ಮಾಡಿಬಿಡಿ ಮೇಡಂ, ಒಂದು ನಿಮಿಷದ ಕೆಲಸ."

"ಅದರಲ್ಲಿ ಬೇಡ ಸಾರ್. ಕಾಗದ ಬರೀತೀನಿ."

"ಶುಕ್ರವಾರ ದಾಟಿದರೆ ಅಚ್ಚಿಗೆ ಹೋಗುವುದಿಲ್ಲ, ನನ್ನ ಕೈಯಲ್ಲೂ ಇಲ್ಲ. ಯೋಚನೆ ಮಾಡಿ."

"ಹೋಗದಿದ್ರೆ ಬೇಡ ಸಾರ್."

ಮಾರನೇ ದಿನ ಮಂಗಳವಾರ, ಯೂನಿಟ್ಟಿಗೆ ರಜ. ಬೆಳಿಗ್ಗೆ ಎದ್ದು ಒಂದು ಗೆರೆ ಹಾಳೆ ಕೊಂಡು ತಂದಳು. ಮೂಕಮ್ಮ ಐದನೇ ಕ್ಲಾಸಿಗೆ ಬಿಟ್ಟವಳು, ಕೂಡಿಸಿ ಕೂಡಿಸಿ ಓದುತ್ತಾಳೆ. ಇನ್ನೊಬ್ಬರ ಕೈಲಿ ಓದಿಸಿಕೊಳ್ಳುವ ಹಾಗೆ ಆಗಬಾರದು ಅಂತ ಶಾಂತಕುಮಾರಿ ಒಂದೊಂದು ಅಕ್ಷರವನ್ನೂ ದಪ್ಪಗೆ, ಬಿಡಿಬಿಡಿಯಾಗಿ, ಗೆರೆ ಬಿಟ್ಟು ಗೆರೆಯಲ್ಲಿ ಬರೆದಳು.

"ಮೂಕಿ, ಇದನ್ನು ನೀನೊಬ್ಬಳೇ ಓದು. ಅವ್ವ ಹೋದ ದಿನ ಬಸ್ಸು ಕೆಟ್ಟಿರಲಿಲ್ಲ. ನಾನು ಬಸ್ಸು ಹತ್ತಲೇ ಇಲ್ಲ. ಕಾಗೆ ಸುದ್ದಿ ಅಂದುಕೊಂಡೆ. ಆ ಹತ್ತು ಮುಖ ಅತ್ತವು, ನಾನು ಅಳಲಿಲ್ಲ. ನಗುತ್ತಾ ಕಳಿಸಿದೆ. ನೀನು ಕರೆದದ್ದು ಕೇಳಿಸಬಾರದು ಅಂತ ಫೋನಿನ ಕಿವಿ ಮುಚ್ಚಿದ್ದೆ. ಸಂಜೆವರೆಗೆ ಮನೆಯಲ್ಲಿ ಕೂತು ಅವ್ವನ ಹೆಣದ ಫೋಟೋಕ್ಕೆ ನಗುವ ಬಾಯಿ ಅಂಟಿಸುತ್ತಿದ್ದೆ. ಹೆಣ ಅಂತ ಗೊತ್ತಿರಲಿಲ್ಲ. ಆ ಫೋಟೋ ಇದರಲ್ಲಿ ಇಟ್ಟಿದ್ದೇನೆ. ಅದನ್ನು ಯಾರು ಯಾರೋ ನೋಡಿ ಹೊಗಳಿದ್ದಾರೆ, ನೀನು ನೋಡಿಲ್ಲ. ನೀನು ನನ್ನ ಕಾಲು ತೊಳೆದೆ. ಆ ಕಾಲು ನಡೆದಿರಲಿಲ್ಲ. ಇನ್ನು ಯಾರಿಗೂ ಆ ಬಸ್ಸಿನ ಕತೆ ಹೇಳಬೇಡ. ದೊಡ್ಡ ಮಗಳು ಬರಲಿಲ್ಲ ಅಂತ ಸಂತೆಯಲ್ಲಿ ಆಡಿಕೊಂಡರೆ ಆಡಿಕೊಳ್ಳಲಿ. ಫೋಟೋ ಹರಿದು ಹಾಕು ಅಂದರೆ ಎಲ್ಲಾ ಕಡೆಯೂ ಅಳಿಸುತ್ತೇನೆ. ಮಾತಾಡಬೇಡ ಅಂದರೆ ಆಡುವುದಿಲ್ಲ. ನಿನ್ನ ಅಕ್ಕಯ್ಯ ಶಾಂತಿ."

ಸ್ಟುಡಿಯೋದಲ್ಲಿ ಅಂಗೈಯಗಲ ಅಚ್ಚು ಹಾಕಿಸಿದ ಫೋಟೋವನ್ನು ಹಾಳೆಯ ಮಡಿಕೆಯೊಳಗಿಟ್ಟು, ಲಕೋಟೆಗೆ ಅನ್ನದ ಅಗುಳು ಒತ್ತುತ್ತಿದ್ದಾಗ ಉಷಾರಾಣಿ ಬಾಗಿಲಲ್ಲಿ ನಿಂತಳು.

"ನಾನೂ ನಕ್ಕಿದ್ನಿ ಅಂತ ಬರದೀರೇನ್ರಿ?"

"ಇಲ್ಲ."

"ಬರೀರಿ ಶಾಂತಕ್ಕ. ನನಗೂ ಹನ್ನೊಂದು ತಿಂಗಳಿಂದ ಆ ಮಜ್ಜಿಗಿ ಲೋಟ ನೆಪ್ಪಾಗ್ತೈತಿ."

"ಬೇಡ ಉಷಾ. ನಿನ್ನ ಹೆಸರು ಸೇರಿಸಿದ್ರೆ ನನ್ನ ಪಾಲು ಕಮ್ಮಿ ಆದಂಗೆ ಓದ್ಕೊಂತಾಳೆ ಅವಳು. ಅದಾಗಬಾರ್ದು."

ಇಬ್ಬರೂ ಜೊತೆಗೇ ಪೋಸ್ಟಾಫೀಸಿಗೆ ಹೋದರು. ಕೌಂಟರಿನ ಹಿಂದೆ ಕನ್ನಡಕದವರೊಬ್ಬರು ಲಕೋಟೆಯನ್ನು ಕೈಯಲ್ಲಿ ತೂಗಿ ನೋಡಿದರು.

"ಏಮ್ಮಾ, ಒಳಗೇನೈತಿ?"

"ಕಾಗದ, ಒಂದು ಫೋಟೋ."

"ರೊಳ್ಳ ಮಂಡಲಕ್ಕಾ? ಫೋಟೋ ಆದ್ರ ಫೋನ್ಯಾಗ ಕಳಿಸಿದ್ರ ಆಗ್ತಿತ್ತಲ್ಲಮ್ಮಾ, ಈಗ ಯಾರು ಬರೀತಾರ?"

"ಫೋನಿನಲ್ಲಿ ಕಳಿಸೋದಲ್ಲ ಸಾರ್ ಇದು. ರಿಜಿಸ್ಟರ್ ಮಾಡಿ. ಅವಳ ಕೈಗೇ ಹೋಗಬೇಕು."

ಅವರು ಮಿಷನ್ನಿನಿಂದ ಚೀಟಿ ಎಳೆದು ಲಕೋಟೆಗೆ ಅಂಟಿಸಿದರು. ಮುದ್ರೆಯ ಮರದ ಹಿಡಿ ಎತ್ತಿದರು. ಶಾಂತಕುಮಾರಿಯ ನೀಲಿ ಬೆರಳುಗಳು ಇನ್ನೂ ಲಕೋಟೆಯ ತುದಿಯ ಮೇಲೇ ಇದ್ದವು.

"ಕೈ ತೆಗೀರಮ್ಮಾ, ಬಡಿದೀತು."

ಅವಳು ಕೈ ತೆಗೆದಳು. ಮುದ್ರೆ ಬಿತ್ತು. ಅವರು ಲಕೋಟೆಯನ್ನು ಹಿಂದಕ್ಕೆ, ಮಡಕಶಿರಾ ಕಡೆಯ ಚೀಲಕ್ಕೆ ಎಸೆದು, "ಮುಂದಿನವರು ಬರ್ರಿ" ಅಂದರು.